ಗೊತ್ತಿರೋ ಚಾಪ್ಟರಲ್ಲೇ ಮಾರ್ಕ್ಸ್ ಬರ್ತಿರಲಿಲ್ಲ: ಸಿಪಿಎಚ್‌ಕ್ಯೂ ಓದ್ತಿದ್ದ ನರ್ಸ್ ಒಬ್ಬರ ಪ್ರಕರಣ

ನಾನು ಆಪ್ತಸಲಹೆಗಾರ್ತಿ. ಆಸ್ಪತ್ರೆ ಕ್ವಾಲಿಟಿ (ಗುಣಮಟ್ಟ) ಕೆಲಸದೋರು ಬರೆಯೋ ಸಿಪಿಎಚ್‌ಕ್ಯೂ ಪರೀಕ್ಷೆಗೆ ಓದ್ತಾ ನನ್ನ ಹತ್ರ ಬಂದ ಒಬ್ಬ ನರ್ಸ್ ವಿಷಯ ಇದು. ಅವರ ಒಪ್ಪಿಗೆ ತಗೊಂಡು, ಹೆಸರು ಮತ್ತೆ ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿ ಬರೀತಿದೀನಿ. ಸುಧಾ ಅಂತ ಇಟ್ಕೊಳ್ಳೋಣ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಮೇಲೆ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ, ಅದರ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ, ಐಸಿಯುನಲ್ಲಿ ವರ್ಷಗಟ್ಟಲೆ ಡ್ಯೂಟಿ, ಆಸ್ಪತ್ರೆ ಎನ್‌ಎಬಿಎಚ್‌ಗೆ (ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡೋ ಸಂಸ್ಥೆ) ಅರ್ಜಿ ಹಾಕಿದಾಗ ಕ್ವಾಲಿಟಿ ಡಿಪಾರ್ಟ್‌ಮೆಂಟಿಗೆ ಬಂದವರು. ಜೊತೆಗಿದ್ದ ಒಬ್ರು ಸಿಪಿಎಚ್‌ಕ್ಯೂ ಪಾಸ್ ಮಾಡಿ ಗಲ್ಫ್‌ಗೆ ಹೋದ್ರು, ಇವರೂ ಓದಕ್ಕೆ ಶುರು ಮಾಡಿದ್ರು. ಮೊದಲನೇ ಸಲ ಫೇಲ್. ಫೀಸು ಡಾಲರಲ್ಲಿ, ಮನೇಲಿ ಆ ದುಡ್ಡಿನ ಮಾತು ದಿನಾ ಬರ್ತಿತ್ತು, ನಿದ್ದೆ ಹೋಗಿತ್ತು, ಪುಸ್ತಕ ತೆಗೆದ್ರೆ ಕೈ ನಡುಗ್ತಿತ್ತು. ನನ್ನ ಹತ್ರ ಬಂದು ಹೇಳಿದ್ದು ಒಂದೇ, "ನನ್ನ ಇಂಗ್ಲಿಷ್ ಸರಿ ಇಲ್ಲ ಮೇಡಂ, ಇದು ನನ್ನಂಥೋರಿಗಲ್ಲ."

ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಸಿಪಿಎಚ್‌ಕ್ಯೂ ಅಂದ್ರೆ ಆರೋಗ್ಯ ಸೇವೆಯ ಗುಣಮಟ್ಟ ನೋಡೋ ಅಮೆರಿಕದ ಎನ್‌ಎಎಚ್‌ಕ್ಯೂ ಸಂಸ್ಥೆಯ ಸರ್ಟಿಫಿಕೇಶನ್, 140 ಮಲ್ಟಿಪಲ್ ಚಾಯ್ಸ್ ಪ್ರಶ್ನೆ, 3 ಗಂಟೆ ಟೈಮು, ಅದರಲ್ಲಿ 125ಕ್ಕೆ ಮಾತ್ರ ಅಂಕ, ಉಳಿದ 15 ಅವರು ಮುಂದಿನ ಪರೀಕ್ಷೆಗೆ ಟ್ರೈ ಮಾಡಿ ನೋಡೋ ಪ್ರಶ್ನೆಗಳು, ಯಾವುದು ಅಂತ ನಮಗೆ ಗೊತ್ತಾಗಲ್ಲ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಯಾವ ಪ್ರಶ್ನೆನೂ ಖಾಲಿ ಬಿಡಬಾರದು. ಇಷ್ಟೇ ಡಿಗ್ರಿ ಇರ್ಬೇಕು ಅಂತೇನಿಲ್ಲ. ಆದ್ರೆ ಬಾಯಿಪಾಠಕ್ಕೆ ಬಗ್ಗೋ ಪರೀಕ್ಷೆ ಅಲ್ಲ, ಜಾಸ್ತಿ ಪ್ರಶ್ನೆಗಳು "ಈ ಸಂದರ್ಭದಲ್ಲಿ ಮೊದಲು ಏನು ಮಾಡ್ತೀರಿ" ಅನ್ನೋ ಥರದವು.

ಆಪ್ತಸಲಹೆಗೆ ಬರೋ ಮುಂಚೆ ನಾನೂ ಆಸ್ಪತ್ರೆ ಕ್ವಾಲಿಟಿ ಕೆಲಸದಲ್ಲೇ ಇದ್ದೆ, ಅದಕ್ಕೆ ಮಾಕ್ ಟೆಸ್ಟ್ ಶೀಟುಗಳನ್ನ ತರಕ್ಕೆ ಹೇಳಿದೆ. ನೋಡಿದ್ರೆ ಡೇಟಾ ಅನಾಲಿಟಿಕ್ಸ್ ಸುಮಾರು, ಲೀಡರ್‌ಶಿಪ್ ಪರವಾಗಿಲ್ಲ, ಪೇಶೆಂಟ್ ಸೇಫ್ಟಿ ಎಲ್ಲಕ್ಕಿಂತ ಕಡಿಮೆ. ಐಸಿಯುನಲ್ಲಿ ಇಷ್ಟು ವರ್ಷ ಇದ್ದೋರಿಗೆ ಪೇಶೆಂಟ್ ಸೇಫ್ಟಿ ಕಷ್ಟ ಆಗೋದು ಹೇಗೆ? ತಪ್ಪಾಗಿದ್ದ ಪ್ರಶ್ನೆಗಳನ್ನ ಒಂದೊಂದಾಗಿ ಜೋರಾಗಿ ಓದಿಸಿದೆ. ನರ್ಸ್ ತಪ್ಪು ಡೋಸ್ ಕೊಟ್ಟಿದಾರೆ, ಮುಂದೇನು ಅಂತ ಪ್ರಶ್ನೆ ಇದ್ರೆ ಇವರು ಪ್ರತಿ ಸಲ ಟಿಕ್ ಮಾಡಿದ್ದು "ಆ ನರ್ಸ್‌ಗೆ ಮತ್ತೆ ಟ್ರೇನಿಂಗ್ ಕೊಡಿ" ಅನ್ನೋ ಆಪ್ಶನ್. ಪ್ರಶ್ನೆ ಸರಿಯಾಗಿ ಅರ್ಥ ಆಗಿತ್ತು, ಇಂಗ್ಲಿಷ್ ಏನೂ ತೊಂದರೆ ಕೊಟ್ಟಿರಲಿಲ್ಲ.

"ಯಾಕೆ ಇದೇ ಉತ್ತರ?" ಅಂದೆ. ತುಂಬಾ ಹೊತ್ತು ಮಾತಾಡಲಿಲ್ಲ, ಆಮೇಲೆ ಹೇಳಿದ್ರು.

ಹಿಂದೆ ಕೆಲಸ ಮಾಡಿದ್ದ ಆಸ್ಪತ್ರೇಲಿ ನೈಟ್ ಡ್ಯೂಟಿ, ಒಬ್ಬರೇ ಮೂರು ಬೆಡ್ ನೋಡ್ಕೋತಿದ್ರು. ರೋಗಿಯ ಡ್ರಿಪ್ ಲೈನ್ ಫ್ಲಶ್ ಮಾಡಕ್ಕೆ (ತೊಳೆಯಕ್ಕೆ) ಸಲೈನ್ ಅಂತ ಎತ್ಕೊಂಡಿದ್ದು ಪೊಟ್ಯಾಷಿಯಂ ಕ್ಲೋರೈಡ್ ಆಂಪ್ಯೂಲ್. ಎರಡೂ ನೋಡಕ್ಕೆ ಒಂದೇ ಥರ, ಒಂದೇ ಟ್ರೇನಲ್ಲಿ ಇಟ್ಟಿದ್ರು. ಪಕ್ಕದ ಸಿಸ್ಟರ್ ಲೇಬಲ್ ನೋಡಿ ಕೈ ಹಿಡ್ಕೊಂಡ್ರು, ರೋಗಿಗೆ ಏನೂ ಆಗಲಿಲ್ಲ. ಆದ್ರೆ ಅದನ್ನ ಹಾಗೇ ಪುಶ್ ಮಾಡಿದ್ರೆ ಹೃದಯ ನಿಂತುಹೋಗ್ಬಹುದಿತ್ತು. ಮರುದಿನ ಎಲ್ಲರ ಮುಂದೆ ಬೈದು ಮೆಮೊ ಕೊಟ್ರು, ಟ್ರೇ ಮಾತ್ರ ಅಲ್ಲೇ ಇತ್ತು, ಆಂಪ್ಯೂಲೂ ಅಲ್ಲೇ ಇತ್ತು.

ನನಗೆ ಇದನ್ನ ಕೇಳಿ ಹೊಟ್ಟೆ ಉರಿದೋಯ್ತು. ಕಾನ್ಸಂಟ್ರೇಟೆಡ್ ಪೊಟ್ಯಾಷಿಯಂನ ವಾರ್ಡ್ ಟ್ರೇನಲ್ಲಿ ಇಡಬಾರದು ಅಂತ ಜಗತ್ತಿನ ಪೇಶೆಂಟ್ ಸೇಫ್ಟಿ ಪಾಠ ಎಲ್ಲಾ ಕೂಗಿ ಹೇಳುತ್ತೆ, ಟ್ರೇ ತುಂಬಿದ ವ್ಯವಸ್ಥೆಗೆ ಮೆಮೊ ಇಲ್ಲ, ಕೈಗೆ ಮೆಮೊ. ಸುಧಾ ಅದನ್ನೇ ಸತ್ಯ ಅಂತ ನಂಬ್ಕೊಂಡು ಬಂದಿದ್ರು. ತಪ್ಪಾದ್ರೆ ಕಾರಣ ನರ್ಸೇ, ಪರಿಹಾರ ಅಂದ್ರೆ ಆ ನರ್ಸ್‌ನ ತಿದ್ದೋದು. ಪರೀಕ್ಷೆ ಕೇಳೋದು ಇದಕ್ಕೆ ಪೂರ್ತಿ ಉಲ್ಟಾ.

ಮೊದಲು ಅವರಿಗೆ ಹೇಳಿದ್ದು, ಈ ನೋವು ನಿಮಗೊಬ್ಬರಿಗೇ ಅಲ್ಲ ಅಂತ. ಆಲ್ಬರ್ಟ್ ವು ಅನ್ನೋ ಡಾಕ್ಟರ್ 2000ನೇ ಇಸವಿಲಿ ಇಂಥವರನ್ನ ಎರಡನೇ ಸಂತ್ರಸ್ತರು ಅಂತ ಕರೆದು ಬರೆದಿದ್ರು, ಚಿಕಿತ್ಸೇಲಿ ತಪ್ಪಾದಾಗ ರೋಗಿ ಜೊತೆಗೆ ಆ ಸಿಬ್ಬಂದಿನೂ ಒಳಗೊಳಗೇ ಕುಸೀತಾರೆ ಅಂತ. ಇದನ್ನ ಕೇಳಿ ಅತ್ತರು, ಅಳಲಿ ಅಂತ ಸುಮ್ಮನೆ ಕೂತೆ.

ಆಮೇಲೆ ಒಂದು ಕೆಲಸ ಕೊಟ್ಟೆ. ಆ ರಾತ್ರಿದೇ ರೂಟ್ ಕಾಸ್ ಅನಾಲಿಸಿಸ್ (ತಪ್ಪಿನ ಮೂಲ ಕಾರಣ ಹುಡುಕೋದು) ನೀವೇ ಬರೀರಿ, ಕಾರಣಗಳನ್ನ ಮೀನಿನ ಮುಳ್ಳಿನ ಥರ ಜೋಡಿಸೋ ಫಿಶ್‌ಬೋನ್ ಚಿತ್ರ ಹಾಕಿ, ನಿಮ್ಮ ಹೆಸರು ಎಲ್ಲೂ ಬರಬಾರದು. ಸ್ಟಾಫಿಂಗ್, ಸ್ಟೋರೇಜ್, ಪ್ಯಾಕಿಂಗ್, ಬೆಳಕು, ಡಬಲ್ ಚೆಕ್ ಇತ್ತಾ ಇಲ್ವಾ. ಮುಂದಿನ ವಾರ ಎರಡು ಪುಟ ತಂದ್ರು. ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅನಾಹುತ), ಎಫ್‌ಎಂಇಎ (ಎಲ್ಲೆಲ್ಲಿ ತಪ್ಪಾಗಬಹುದು ಅಂತ ಮೊದಲೇ ಹುಡುಕೋ ವಿಧಾನ), ಜಸ್ಟ್ ಕಲ್ಚರ್ (ತಪ್ಪಾದಾಗ ಸುಮ್ಮನೆ ದೂರದೆ ನ್ಯಾಯವಾಗಿ ನೋಡೋ ವಾತಾವರಣ) ಎಲ್ಲಾ ಆ ಎರಡು ಪುಟದ ಮೇಲೇ ಕೂತ್ಕೊಂಡು ಓದಿದ್ವಿ. ಇನ್ಮೇಲೆ ಆಪ್ಶನ್ ನೋಡುವಾಗ ಒಂದೇ ಕೇಳ್ಕೊಳ್ಳಿ ಅಂದೆ, ಈ ನರ್ಸ್ ಜಾಗದಲ್ಲಿ ನಾಳೆ ಬೇರೆಯವರು ಇದ್ರೂ ಇದೇ ತಪ್ಪು ಆಗ್ತಿತ್ತಾ? ಆಗ್ತಿತ್ತು ಅಂದ್ರೆ ಟ್ರೇನಿಂಗ್ ಅನ್ನೋ ಉತ್ತರ ಬಿಟ್ಟು ಪ್ರೋಸೆಸ್ ನೋಡೋ ಉತ್ತರ ಹುಡುಕಿ.

ಡೇಟಾ ಅನಾಲಿಟಿಕ್ಸಲ್ಲೂ ಮಾರ್ಕ್ಸ್ ಸುಮಾರಿತ್ತಲ್ಲ, ಆ ಡೇಟಾ ಭಯಕ್ಕೂ ಅವರ ಆಫೀಸ್ ಕೆಲಸಾನೇ ಸಾಕಾಯ್ತು. ತಿಂಗಳಿಗೆ 4 ಫಾಲ್ಸ್ (ರೋಗಿಗಳು ಬಿದ್ದಿದ್ದು), 3200 ಪೇಶೆಂಟ್ ಡೇಸ್ (ದಿನದಿನದ ರೋಗಿಗಳ ಲೆಕ್ಕ ಕೂಡಿದ್ದು) ಅಂದ್ರೆ ಸಾವಿರ ಪೇಶೆಂಟ್ ಡೇಸ್‌ಗೆ 1.25, ಇದನ್ನ ಅವರು ಪ್ರತಿ ತಿಂಗಳು ಮಾಡ್ತಾನೇ ಇದ್ರು. ಅದನ್ನೇ ರನ್ ಚಾರ್ಟಲ್ಲಿ (ತಿಂಗಳು ತಿಂಗಳಿನ ಲೆಕ್ಕ ಸಾಲಾಗಿ ತೋರಿಸೋ ಗ್ರಾಫ್) ಹಾಕಿ ಮೀಡಿಯನ್ ಅಂದ್ರೆ ನಡುವಿನ ಬೆಲೆಯ ಗೆರೆ ಎಳೆಸಿದೆ, ಆಮೇಲೆ ಏರಿಳಿತದ ಮೇಲಿನ, ಕೆಳಗಿನ ಮಿತಿ ತೋರಿಸೋ ಕಂಟ್ರೋಲ್ ಚಾರ್ಟ್. ಸಾಮಾನ್ಯ ಏರಿಳಿತ ಯಾವುದು, ವಿಶೇಷ ಕಾರಣ ಯಾವುದು ಅಂತ ಗೊತ್ತಾದ ದಿನ ಅವರೇ ಹೇಳಿದ್ರು, "ಹಾಗಾದ್ರೆ ಸುಮ್ಮನೆ ಒಂದು ತಿಂಗಳು ಜಾಸ್ತಿ ಆಯ್ತು ಅಂತ ವಾರ್ಡ್ ಇನ್‌ಚಾರ್ಜ್‌ನ ನಿಲ್ಲಿಸಿ ಕೇಳೋದೇ ತಪ್ಪಲ್ವಾ ಮೇಡಂ."

ಟೆಲಿಗ್ರಾಂನಲ್ಲಿ ದುಡ್ಡು ಕೊಟ್ಟು ತಗೊಂಡಿದ್ದ "ಒರಿಜಿನಲ್ ಪ್ರಶ್ನೆ" ಪಿಡಿಎಫ್‌ಗಳನ್ನ ಡಿಲೀಟ್ ಮಾಡ್ಸಿದೆ. ಅದು ಪರೀಕ್ಷೆ ನಿಯಮಕ್ಕೆ ವಿರುದ್ಧ, ಜೊತೆಗೆ ಸಿಲಬಸ್ ಆಗಾಗ ಬದಲಾಗುತ್ತೆ, ಹಳೇದರಲ್ಲಿ ಉತ್ತರಾನೂ ತಪ್ಪಿರುತ್ತೆ. ಎನ್‌ಎಎಚ್‌ಕ್ಯೂ ಸೈಟಲ್ಲಿರೋ ಈಗಿನ ಕಂಟೆಂಟ್ ಔಟ್‌ಲೈನ್ ಪ್ರಿಂಟ್ ತಗೊಂಡು ಅದರ ಪ್ರಕಾರ ಓದಿ ಅಂದೆ.

ಗಂಡನ್ನ ಒಂದು ಸಲ ಕರೆಸಿದೆ. ಕೆಟ್ಟವರಲ್ಲ, ಈ ಪರೀಕ್ಷೆ ಏನು ಅಂತಾನೇ ಅವರಿಗೆ ಯಾರೂ ಹೇಳಿರಲಿಲ್ಲ. ಪಾಸಾದ ಮೇಲೂ 2 ವರ್ಷಕ್ಕೊಂದು ಸಲ 30 ಗಂಟೆ ಕಂಟಿನ್ಯೂಯಿಂಗ್ ಎಜುಕೇಶನ್ ತೋರಿಸಿ ರಿನ್ಯೂ ಮಾಡ್ಬೇಕು, ಅದಕ್ಕೂ ಖರ್ಚಿದೆ ಅಂತ ಇಬ್ಬರ ಮುಂದೇನೇ ಹೇಳಿದೆ, ಮುಚ್ಚಿಟ್ರೆ ಮತ್ತೆ ಅದೇ ಜಗಳ. ರಾತ್ರಿ ಹನ್ನೊಂದರ ಮೇಲೆ ಪುಸ್ತಕ ಮುಟ್ಟಬಾರದು, ಬೆಳಿಗ್ಗೆ ಒಂದು ಗಂಟೆ ಅಡುಗೆಮನೆ ಗಂಡಂದು ಅಂತ ತೀರ್ಮಾನ ಆಯ್ತು.

ಕೈ ನಡುಗೋದು, ಆ ರಾತ್ರಿ ಕನಸಲ್ಲಿ ಬರೋದು ಕಡಿಮೆ ಆಗದಿದ್ರೆ ಮನೋವೈದ್ಯರನ್ನ ನೋಡಲೇಬೇಕು ಅಂತ ಖಡಾಖಂಡಿತವಾಗಿ ಹೇಳಿದೀನಿ, ರಾತ್ರಿ ಹೊತ್ತಲ್ಲಿ ಬೇಕಾದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರೂ ಕೊಟ್ಟಿದೀನಿ. ಈಗ ಕನಸು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಪರೀಕ್ಷೆ ಡೇಟ್ ಸ್ವಲ್ಪ ಮುಂದಕ್ಕೆ ಹಾಕ್ಕೊಂಡಿದಾರೆ, ಮಾಕ್‌ನಲ್ಲಿ ಪೇಶೆಂಟ್ ಸೇಫ್ಟಿ ಏರ್ತಿದೆ. ಅವರ ಆಸ್ಪತ್ರೆ ಇನ್ಸಿಡೆಂಟ್ ಫಾರ್ಮಲ್ಲಿ ಮೊದಲನೇ ಕಾಲಂ "ಜವಾಬ್ದಾರ ಸಿಬ್ಬಂದಿ ಹೆಸರು" ಅಂತ ಇದೆಯಂತೆ, ಅದನ್ನ ತೆಗೀಬೇಕು ಅಂತ ಸೇಫ್ಟಿ ಕಮಿಟಿಗೆ ನೋಟ್ ಕೊಟ್ಟಿದಾರೆ, ಕಮಿಟಿ ಇನ್ನೂ ಉತ್ತರ ಕೊಟ್ಟಿಲ್ಲ.