ಮೇಲೆ ಗರಸು, ಒಳಗೆ ಎರೆ

ಪ್ರಶ್ನೆ: ಸಾರ್, ದಾವಣಗೆರೆ ಊರಾಚೆ ಭದ್ರಾ ಚಾನಲ್ ಹತ್ರ ಒಂದು ಹೊಸ ಲೇಔಟಲ್ಲಿ 30x40 ಅಡಿ ಸೈಟ್ ನೋಡೀವಿ. ಮೊದ್ಲು ಭತ್ತದ ಗದ್ದೆ ಇತ್ತಂತೆ, ಈಗ ಕೆಂಪು ಗರಸು ಹಾಕಿ ರೋಲರ್ ಹೊಡೆಸಿದಾರೆ, ನೋಡೋಕೆ ಗಟ್ಟಿ ಐತೆ. ನಮ್ಮ ಮಾವ ಎರೆ ಭೂಮೀಲಿ ಮನೆ ಬೇಡ, ಗೋಡೆ ಸೀಳ್ತಾವೆ ಅಂತಾರೆ. ಮೇಸ್ತ್ರಿ ಐದಡಿ ಪಾಯ ತೆಗೆದು ಸೈಜುಗಲ್ಲು ಕಟ್ಟಿದ್ರೆ ಏನೂ ಆಗಲ್ಲ ಅಂತಾನೆ. ಮುಂದಿನ ವಾರ ಅಡ್ವಾನ್ಸ್ ಕೊಡಬೇಕು. ಯಾರ ಮಾತು ಕೇಳೋಣ?

ಉತ್ತರ: ಇಬ್ರದ್ದೂ ಬ್ಯಾಡ, ಮೊದ್ಲು ಮಣ್ಣಿನ ಮಾತು ಕೇಳ್ರಿ. ಅಡ್ವಾನ್ಸ್ ಒಂದು ವಾರ ಮುಂದಕ್ಕೆ ಹಾಕಿ ಸೈಟಿನ ಮೂಲೇಲಿ ಒಂದು ಗುಂಡಿ ತೆಗೆಸ್ತೀನಿ ಅಂತ ಲೇಔಟಿನವರನ್ನ ಕೇಳ್ರಿ, ಜೆಸಿಬಿಗೆ ಒಂದು ತಾಸಿನ ಕೆಲಸ, ಅದಕ್ಕೂ ಒಪ್ಪಲ್ಲ ಅಂದ್ರೆ ನಿಮಗೆ ಉತ್ತರ ಸಿಕ್ಕಂಗೇ.

ಹೋದ ವರ್ಷ ನಮ್ಮ ಪರಿಚಯದವರೊಬ್ರಿಗೆ ಹಿಂಗೇ ಏಳಡಿ ಗುಂಡಿ ತೆಗೆಸಿದ್ವಿ. ಮೇಲೆ ಒಂದಡಿ ಚಂದದ ಗರಸು, ಅದರ ಕೆಳಗೆ ಒಂದಿಂಚು ಕೊಳೆತ ಭತ್ತದ ಕೂಳೆ, ವಾಸನೆನೂ ಇತ್ತು, ಅದರ ಕೆಳಗೆಲ್ಲ ಬರೀ ಎರೆ, ನಡುನಡುವೆ ಬಿಳಿ ಸುಣ್ಣದ ಹರಳು, ಆರಡಿಗೆ ನೀರು ಜಿನುಗ್ತಿತ್ತು. ಅಂದ್ರೆ ಗದ್ದೇನ ಉಳುಮೆ ಮಾಡದೆ, ಕೂಳೆನೂ ತೆಗೀದೆ ಮೇಲೆ ಹೊದಿಕೆ ಹೊದಿಸಿದ್ರು ಅಷ್ಟೆ. (ಗುಂಡಿ ಒಳಗೆ ಮಾತ್ರ ಇಳೀಬ್ಯಾಡ್ರಿ, ಹಸಿ ಎರೆ ಗೋಡೆ ಹೇಳದೆ ಕೇಳದೆ ಕುಸೀತದೆ, ದಂಡೆ ಮೇಲೆ ನಿಂತೇ ನೋಡ್ರಿ.)

ಎರೆ ಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಅಂತ ಒಂದು ಜೇಡಿ ಇರ್ತದೆ, ಅದು ನೀರು ಕುಡಿದ್ರೆ ಉಬ್ತದೆ, ಒಣಗಿದ್ರೆ ಕುಗ್ತದೆ. ಬೇಸಿಗೇಲಿ ಎರೆ ಹೊಲದಾಗ ಕೈ ಹೋಗೋವಷ್ಟು ಬಿರುಕು ಬಿಡೋದು ನಿಮ್ಮ ಮಾವ ನೋಡಿರ್ತಾರೆ, ಅವರ ಭಯ ಅಲ್ಲಿಂದ ಬಂದಿದ್ದು. ಮನೆ ಕಟ್ಟಿದ ಮೇಲೂ ಆ ಆಟ ನಿಲ್ಲಲ್ಲ, ಹೊರಗೋಡೆ ಕೆಳಗಿನ ಮಣ್ಣು ಏಪ್ರಿಲ್‌ನಾಗ ಒಣಗಿ ಇಳೀತದೆ, ನಡುಮನೆ ಕೆಳಗಿಂದು ಹಸಿಯಾಗೇ ಇರ್ತದೆ, ಆವಾಗ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳು ಬೀಳ್ತದೆ. ನಮ್ಮ ಹಳೇ ಮನೇಲಿ ಹಿತ್ತಲ ಬಾಗಿಲು ಮಳೆಗಾಲಕ್ಕೆ ಕಚ್ಕೊಂಡು ಬೇಸಿಗೆಗೆ ಸಲೀಸಾಗಿ ತೆರೀತಿತ್ತು, ಬಡಗಿ ಮೂರು ಸಲ ತೋಪಡ ಹೊಡೆದ, ನಾವು ಮರದ ಮೇಲೇ ತಪ್ಪು ಹಾಕ್ತಿದ್ವಿ. ಮರ ಅಲ್ಲ, ಪಾಯ ಏಳ್ತಾ ಇಳೀತಾ ಇತ್ತು.

ಗುಂಡಿಯಿಂದ ಒಂದೆರಡು ಕೇಜಿ ಮಣ್ಣು ಕವರಿಗೆ ಹಾಕ್ಕೊಂಡು ಸಿವಿಲ್ ಲ್ಯಾಬಿನಲ್ಲಿ ಫ್ರೀ ಸ್ವೆಲ್ ಟೆಸ್ಟ್ ಕೇಳ್ರಿ, ಊರಲ್ಲಿ ಯುಬಿಡಿಟಿ, ಬಿಐಇಟಿ ಥರ ಇಂಜಿನಿಯರಿಂಗ್ ಕಾಲೇಜು ಅದಾವೆ, ವಿಚಾರಿಸಿ ನೋಡ್ರಿ. ಟೆಸ್ಟ್ ಸಿಂಪಲ್: ಒಣಗಿಸಿ ಜರಡಿ ಹಿಡಿದ 10 ಗ್ರಾಂ ಪುಡಿ ನೀರಿನ ಜಾಡಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆ ಜಾಡಿಗೆ, 24 ತಾಸು ಬಿಟ್ಟು ಎರಡರಲ್ಲೂ ಮಣ್ಣಿನ ಮಟ್ಟ ನೋಡೋದು. ಸೀಮೆಎಣ್ಣೇಲಿ ಮಣ್ಣು ಉಬ್ಬಲ್ಲ, ನೀರಲ್ಲಿ ಎಷ್ಟು ಹೆಚ್ಚಿಗೆ ಬಂತೋ ಅದೇ ಲೆಕ್ಕ. 50 ಪರ್ಸೆಂಟ್ ದಾಟಿದ್ರೆ ಮೇಸ್ತ್ರಿ ಲೆಕ್ಕ ಬಿಟ್ಟು ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಹೋಗ್ರಿ. ಜೊತೆಗೆ ಮಣ್ಣು ಎಷ್ಟು ಭಾರ ತಡೀತದೆ ಅನ್ನೋ ಬೇರಿಂಗ್ ಕೆಪಾಸಿಟಿ ರಿಪೋರ್ಟೂ ತಗೊಳ್ರಿ.

ಐದಡಿಗೆ ಗಟ್ಟಿ ಗರಸು ಸಿಕ್ಕಿದ್ರೆ ಮೇಸ್ತ್ರಿ ಹೇಳಿದ್ದೇ ಸರಿ, ಅದರ ಮೇಲೆ ಕೂರಿಸ್ರಿ. ಎರೆ ಇನ್ನೂ ಕೆಳಗೆ ಹೋಗಿದ್ರೆ ಅಂಡರ್ ರೀಮ್ಡ್ ಪೈಲ್ ಅಂತ ಐತೆ, ಹವಾಮಾನದ ಹಸಿ-ಒಣ ತಲುಪದ ಆಳಕ್ಕೆ, ಸಾಮಾನ್ಯವಾಗಿ 3.5 ಮೀಟರ್ ಆಸುಪಾಸಿಗೆ ತೂತು ಕೊರೆದು ತಳದಲ್ಲಿ ಗಡ್ಡೆ ಥರ ಅಗಲ ಮಾಡಿ ಕಾಂಕ್ರೀಟ್ ತುಂಬೋದು, ಗಡ್ಡೆ ಕಂಬದ ಎರಡೂವರೆ ಪಟ್ಟು ಅಗಲ ಇರ್ತದೆ, ಹಂಗಾಗಿ ಮಣ್ಣು ಉಬ್ಬಿದ್ರೂ ಮೇಲಕ್ಕೆ ಕಿತ್ಕೊಂಡು ಬರಲ್ಲ. ಪ್ಲಿಂತ್ ಬೀಮ್ ಅಂದ್ರೆ ಗೋಡೆ ಹೊರೋ ಅಡ್ಡ ಕಾಂಕ್ರೀಟ್ ತೊಲೆ, ಮಣ್ಣು ಉಬ್ಬಿದ್ರೂ ಅದನ್ನ ಎತ್ತದಂಗೆ ಕೆಳಗೆ ಮೂರಿಂಚು ಖಾಲಿ ಬಿಡಿಸ್ರಿ, ಈ ಜಾಗಾನ ಮೇಸ್ತ್ರಿಗಳು "ಏನ್ ಸಾರ್, ಇಲಿ ಸೇರ್ಕೊಳ್ತಾವೆ" ಅಂತ ಮುಚ್ಚಿಬಿಡ್ತಾರೆ, ನೀವೇ ನಿಂತು ನೋಡ್ಬೇಕು.

ಇನ್ನೊಂದು ದೊಡ್ಡ ತಪ್ಪು, ಪಾಯ ತೆಗೆದಾಗ ಬಂದ ಎರೆ ಮಣ್ಣನ್ನೇ ಒಳಗೆ ತುಂಬಿ ಟೈಲ್ಸ್ ಹಾಕೋದು. ಎರಡನೇ ಮಳೆಗಾಲಕ್ಕೆ ನಡುಮನೆ ಟೈಲ್ಸ್ ಟಪ್ ಅಂತ ಎದ್ದು ನಿಲ್ತವೆ. ಒಳಗೆ ಗರಸು ತುಂಬ್ರಿ, ಪದರ ಪದರವಾಗಿ ನೀರು ಹಾಕಿ ಕುಟ್ಟಿಸ್ರಿ. ಸಂಪು, ಪಿಟ್ಟು ಗೋಡೆಯಿಂದ ದೂರ ಇರ್ಲಿ, ಸುತ್ತ ಮೂರಡಿ ಅಗಲ ಇಳಿಜಾರು ಕಾಂಕ್ರೀಟ್ ಇರ್ಲಿ. ಗೋಡೆ ಪಕ್ಕ ಬೇವು ನೆಡೋದು ನನಗೂ ಇಷ್ಟ, ಎರೇಲಿ ಬ್ಯಾಡ, ಬೇರು ನೀರು ಎಳೆದು ಮಣ್ಣು ಕುಗ್ಗಿಸ್ತದೆ.

ಅಂದಂಗೆ ಮಾವನಿಗೆ ಹೇಳ್ರಿ, ದಾವಣಗೆರೆಲಿ ಎರೆ ಮೇಲೆ ಕಟ್ಟಿದ ಮನೆ ಬೇಕಾದಷ್ಟು ನಿಂತಾವೆ. ಪಾಯದ ಖರ್ಚು ಜಾಸ್ತಿ ಅನ್ನೋದನ್ನ ರೇಟ್ ಚೌಕಾಸಿ ಮಾಡೋವಾಗ ಹೇಳ್ಬೇಕು ಅಷ್ಟೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಗುಡ್ಡದ ಬುಡದ ಸೈಟು, ಅರ್ಧ ಬಂಡೆ ಕಾಣ್ತದೆ. ಬಂಡೆ ಅಂದ್ರೆ ಪಾಯಕ್ಕೆ ಒಳ್ಳೇದೇ ಅಲ್ವಾ ಅಣ್ಣ?

ಉತ್ತರ: ಪೂರ್ತಿ ಬಂಡೆ ಒಳ್ಳೇದು ತಮ್ಮ, ಅರ್ಧ ಬಂಡೆ ಅಲ್ಲ. ಒಂದು ಕಾಲಂ ಬಂಡೆ ಮೇಲೆ, ಇನ್ನೊಂದು ತುಂಬಿದ ಮಣ್ಣಿನ ಮೇಲೆ ನಿಂತ್ರೆ ಎರಡನೇದು ಕೂರ್ತದೆ, ಮೊದಲನೇದು ಕೂರಲ್ಲ, ನಡುವಿನ ಗೋಡೆ ಸೀಳ್ತದೆ. ತಗ್ಗಿನ ಕಡೆ ಕಾಲಂಗಳನ್ನೂ ಬಂಡೆ ಸಿಗೋವರೆಗೆ ಇಳಿಸ್ರಿ. ಮಳೆ ನೀರು ಗುಡ್ಡದಿಂದ ಎಲ್ಲಿ ಹರೀತದೆ ಅಂತ ಒಂದು ದೊಡ್ಡ ಮಳೇಲಿ ಹೋಗಿ ನಿಂತು ನೋಡು. ಬೋರ್ ಹಾಕ್ಸಿದ್ರೆ ಕುಡಿಯೋಕೆ ಮುಂಚೆ ಫ್ಲೋರೈಡ್ ಟೆಸ್ಟ್ ಮಾಡ್ಸು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಆ ಕಡೆ ನೀರಲ್ಲಿ ಇದು ಹಳೇ ಸಮಸ್ಯೆ.

ಪ್ರಶ್ನೆ: ಸೈಟ್ ಪಕ್ಕ ಒಣ ಹಳ್ಳ ಇದೆ, ನೀರು ನೋಡೇ ಇಲ್ಲ ಅಂತಾರೆ. ತಗೋಬಹುದಾ?

ಉತ್ತರ: ಗ್ರಾಮ ನಕ್ಷೆ ತೆಗೆಸಿ ಹಳ್ಳದ ಗೆರೆ ಎಲ್ಲಿ ಹೋಗ್ತದೆ ನೋಡ್ರಿ, ಸರ್ಕಾರದ ದಿಶಾಂಕ್ ಆ್ಯಪಲ್ಲೂ ಸರ್ವೆ ನಂಬರ್ ಕಾಣ್ತದೆ. ಪಹಣೀಲಿ ಬಿ ಖರಾಬು, ಅಂದ್ರೆ ಹಳ್ಳ, ದಾರಿ ಥರ ಸಾರ್ವಜನಿಕ ಜಾಗ, ಎಷ್ಟು ಅಂತ ಐತೆ ನೋಡಿ, ಅದು ಸರ್ಕಾರದ್ದು, ಮಾರೋಕೆ ಬರಲ್ಲ. ನಿಮ್ಮ ಸೈಟಿನ ಮೂಲೆ ಆ ಗೆರೆ ಒಳಗೆ ಬಂದ್ರೆ ರೇಟ್ ಎಷ್ಟೇ ಕಮ್ಮಿ ಇರ್ಲಿ ಬಿಟ್ಟುಬಿಡ್ರಿ.