ಸೆಕೆಂಡ್ ಹ್ಯಾಂಡ್ ಫೋನ್ ಕಳವು ಮಾಲು ಅಂತ ಠಾಣೆಯಿಂದ ಕರೆ ಬಂದಿದೆ, ಜೈಲಾಗುತ್ತಾ?

ನೀವು ಹೇಳಿದ್ದು: ಬಿಲ್ಲು, ಬಾಕ್ಸು ಇಲ್ಲದ ಹಳೇ ಫೋನನ್ನು 6,000 ರೂಪಾಯಿಗೆ ತಗೊಂಡಿರಿ. ಎರಡು ತಿಂಗಳಾದ ಮೇಲೆ ಠಾಣೆಯಿಂದ ಕರೆ ಬಂತು.

ಕದ್ದದ್ದು ಅಂತ ಗೊತ್ತಿಲ್ಲದೆ ಕೊಂಡದ್ದು ಅಪರಾಧವಲ್ಲ. ಆದರೆ ಈಗ ನಿಮಗೆ ಗೊತ್ತಾಗಿದೆ, ತೊಡಕು ಇರುವುದೇ ಇಲ್ಲಿ. ಭಾರತೀಯ ನ್ಯಾಯ ಸಂಹಿತೆಯ 317(2)ನೇ ಕಲಮು ಕದ್ದ ಮಾಲನ್ನು ಅಪ್ರಾಮಾಣಿಕವಾಗಿ ಪಡೆದವರಿಗಷ್ಟೇ ಅಲ್ಲ, ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ: 3 ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. 2024ರ ಜುಲೈ 1ಕ್ಕೆ ಮುಂಚಿನದಾದರೆ ಹಳೇ ದಂಡ ಸಂಹಿತೆ ಐಪಿಸಿಯ 411ನೇ ಕಲಮು, ಶಿಕ್ಷೆ ಅಷ್ಟೇ. ಹಾಗಾಗಿ ಫೋನನ್ನು ಬಚ್ಚಿಡಬೇಡಿ, ಬೇರೆಯವರಿಗೆ ಮಾರಬೇಡಿ, ರೀಸೆಟ್ ಮಾಡಬೇಡಿ. ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಬದಲಾಯಿಸಿಕೊಡ್ತೀನಿ ಅನ್ನುವ ರಿಪೇರಿಯವರ ಹತ್ತಿರ ಸುಳಿಯಲೇಬೇಡಿ, ಅದು 2023ರ ದೂರಸಂಪರ್ಕ ಕಾಯ್ದೆಯಡಿ ಬೇರೆಯದೇ ಕೇಸು.

"ಗೊತ್ತಿರಲಿಲ್ಲ ಸರ್" ಅಂದಮಾತ್ರಕ್ಕೆ ಮುಗಿಯುವುದಿಲ್ಲ. ಕದ್ದದ್ದೆಂದು ನಂಬಲು ಸಾಕಷ್ಟು ಕಾರಣವಿತ್ತೇ ಅಂತಲೂ ನೋಡುತ್ತಾರೆ. ಮಾರುಕಟ್ಟೆಯಲ್ಲಿ 20,000ಕ್ಕೆ ಹೋಗುವ ಫೋನು 6,000ಕ್ಕೆ ಸಿಕ್ಕಿತೇ? ಹಳೇ ಮಾಲೀಕನ ಲಾಕ್ ಹಾಗೇ ಇತ್ತೇ? ಮಾರಿದವನ ಹೆಸರಾದರೂ ಗೊತ್ತೇ? ಕಳವಾದ ಕೆಲವೇ ದಿನಕ್ಕೆ ಮಾಲು ನಿಮ್ಮ ಕೈಲಿದ್ದು, ಹೇಗೆ ಬಂತು ಅಂತ ಹೇಳಲಾಗದಿದ್ದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನ ಪ್ರಕಾರ ಕೋರ್ಟು ನಿಮ್ಮ ವಿರುದ್ಧ ಊಹಿಸಬಹುದು. ಊಹಿಸಲೇಬೇಕೆಂದಿಲ್ಲ. ಅದೇ ಕಲಮಿನಲ್ಲಿ ಒಂದು ಉದಾಹರಣೆಯಿದೆ: ಕಳವಾದ ಗುರುತಿನ ರೂಪಾಯಿಯೊಂದು ಅಂಗಡಿಯವನ ಗಲ್ಲಾದಲ್ಲಿ ಸಿಗುತ್ತದೆ, ಆದರೆ ವ್ಯಾಪಾರದಲ್ಲಿ ಅವನ ಕೈಗೆ ರೂಪಾಯಿಗಳು ಬರುತ್ತಲೇ ಇರುತ್ತವೆ, ಹಾಗಾಗಿ ಅದೊಂದರಿಂದಲೇ ಅವನ ವಿರುದ್ಧ ಊಹಿಸಬೇಕಿಲ್ಲ. ನಿಮ್ಮ ವಿವರಣೆಗೂ ಇಂಥ ಬೆಲೆಯಿದೆ, ದಾಖಲೆ ಜೊತೆಗಿದ್ದರೆ.

ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಮಾರಿದವನ ನಂಬರು, ಚಾಟ್, ಜಾಹೀರಾತು ಇವನ್ನು ಇವತ್ತೇ ಪ್ರಿಂಟ್ ತೆಗೆಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಡಿ ಹಾಜರಾಗಲು ಪೊಲೀಸರ ನೋಟಿಸು ಬಂದರೆ ಹೇಳಿದ ದಿನ ಹಾಜರಾಗಿ. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಬಂಧನಕ್ಕೆ ಬದಲು ಸಾಮಾನ್ಯವಾಗಿ ಇದನ್ನೇ ಕೊಡಬೇಕು, ತಪ್ಪಿಸಿಕೊಂಡರೆ ಬಂಧಿಸಬಹುದು. ಫೋನು ಒಪ್ಪಿಸುವಾಗ ಜಪ್ತಿ ಮಹಜರಿನಲ್ಲಿ ಐಎಂಇಐನ 15 ಅಂಕಿಗಳನ್ನೂ ತಾಳೆ ನೋಡಿ, ಪ್ರತಿ ಕೇಳಿ. ಓದದೆ ಸಹಿ ಹಾಕಬೇಡಿ. ಕದ್ದದ್ದು ಅಂತ ಮೊದಲೇ ಗೊತ್ತಿತ್ತು ಎಂಬ ಸಾಲು ಅದರಲ್ಲಿ ಸೇರಿದ್ದರೆ ಅಲ್ಲೇ ತಕರಾರು ಎತ್ತಿ. ಆರೋಪಿ ಎಂದು ಹೆಸರಿಸಿದ್ದರೆ ಹೋಗುವ ಮುನ್ನ ವಕೀಲರನ್ನು ಕಾಣಿ. 317(2) ಜಾಮೀನುರಹಿತ ಕಲಮು (ಅಂದರೆ ಜಾಮೀನು ಹಕ್ಕಾಗಿ ಸಿಗದು, ಕೋರ್ಟು ತೀರ್ಮಾನಿಸುತ್ತದೆ), ಆದರೆ ಮಾಲಿನ ಮಾಲೀಕರು ಒಪ್ಪಿದರೆ ರಾಜಿಗೆ ಅವಕಾಶವಿದೆ.

ದುಡ್ಡಿನ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಕಳ್ಳನಿಗೆ ಇಲ್ಲದ ಹಕ್ಕು ನಿಮಗೂ ಬರುವುದಿಲ್ಲ, ಫೋನು ಮಾಲೀಕರಿಗೇ ಸೇರುತ್ತದೆ. ಆರೋಪಿಗೆ ಶಿಕ್ಷೆಯಾಗಿ, ಬಂಧನದ ವೇಳೆ ಅವನ ಬಳಿ ಹಣ ಸಿಕ್ಕಿದ್ದರೆ ಮಾತ್ರ, ನಾಗರಿಕ ಸುರಕ್ಷಾ ಸಂಹಿತೆಯ 499ನೇ ಕಲಮಿನಡಿ ಅದರಲ್ಲಿ ನಿಮ್ಮ ಪಾಲಿಗೆ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಮಾರಿದವನ ಮೇಲೆ ವಂಚನೆ ದೂರು ಕೊಡಿ.

ಮುಂದಿನ ಸಲ ಕೊಳ್ಳುವಾಗ ದುಡ್ಡು ಕೊಡುವ ಮುಂಚೆ *#06# ಒತ್ತಿ ಐಎಂಇಐ ತೆಗೆದು, ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಎರಡು ಸಿಮ್ಮಿನ ಫೋನಾದರೆ ಎರಡೂ ನಂಬರು ನೋಡಬೇಕು. ಬ್ಲ್ಯಾಕ್‌ಲಿಸ್ಟೆಡ್ ಅಥವಾ ಡೂಪ್ಲಿಕೇಟ್ ಅಂತ ಬಂದರೆ ಎಷ್ಟು ಅಗ್ಗವಾದರೂ ಬೇಡ.