ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆಯೇ?

ಅಲ್ಲ. ಮನೋವಿಜ್ಞಾನ ಓದಲು ಶುರುಮಾಡಿದವರು ಹೆಚ್ಚಾಗಿ ಎಡವುವುದು ಇಲ್ಲೇ. ತಪ್ಪು ಅವರದ್ದಲ್ಲ, ಆ ಹೆಸರಿನದ್ದು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಲೆಕ್ಕದಲ್ಲಿ 'ಋಣಾತ್ಮಕ' ಅಂದರೆ ಕೆಟ್ಟದ್ದು ಅಂತಲ್ಲ, ಏನನ್ನೋ ಕಳೆಯುವುದು, ಅಷ್ಟೇ. ಇನ್ನು 'ಪುನರ್ಬಲನ' (reinforcement) ಅಂದರೆ ಒಂದು ವರ್ತನೆ ಹೆಚ್ಚುವಂತೆ ಮಾಡುವುದು.

ಕಾರು ಹತ್ತಿ ಕೂತಿರಿ, ಬೀಪ್ ಬೀಪ್ ಅಂತ ಕಿವಿ ಕೊರೆಯುತ್ತದೆ. ಸೀಟ್ ಬೆಲ್ಟ್ ಕ್ಲಿಕ್ ಅಂದ ಕೂಡಲೇ ಸದ್ದು ಬಂದ್. ಕಿರಿಕಿರಿ ತಪ್ಪಿತಲ್ಲ, ನಾಲ್ಕು ದಿನ ಕಳೆದರೆ ಕೈ ತಾನಾಗಿಯೇ ಬೆಲ್ಟಿನತ್ತ ಹೋಗುತ್ತದೆ. ಅಂದರೆ ಬೆಲ್ಟ್ ಹಾಕುವ ವರ್ತನೆ ಹೆಚ್ಚಿತು. ಇದೇ ಋಣಾತ್ಮಕ ಪುನರ್ಬಲನ.

ಪುನರ್ಬಲನ ಯಾವತ್ತೂ ವರ್ತನೆಯನ್ನು ಹೆಚ್ಚಿಸುತ್ತದೆ, ಶಿಕ್ಷೆ ತಗ್ಗಿಸುತ್ತದೆ. ವೇಗವಾಗಿ ಓಡಿಸಿ ದಂಡ ಕಟ್ಟಿದ ಮೇಲೆ ನಿಧಾನವಾದರೆ ಅದು ಶಿಕ್ಷೆ. ಅಲ್ಲೂ ಜೇಬಿನಿಂದ ಹಣ ಕಳೆಯಿತು ನೋಡಿ, ಹಾಗಾಗಿ ಅದಕ್ಕೆ ಋಣಾತ್ಮಕ ಶಿಕ್ಷೆ ಅಂತಲೇ ಹೆಸರು!